ಎರಡು ನೀರಿನ ಮನೆ

ಬನಹಟ್ಟಿಯಲ್ಲಿ ಹುಲೆಪ್ಪನನ್ನು ಹೆಸರಿನಿಂದ ಬಲ್ಲವರಿಗಿಂತ ‘ನೀರು ಬಿಡಾಂವ’ ಎಂದು ಬಲ್ಲವರೇ ಹೆಚ್ಚು. ಸೈಕಲ್ಲಿನ ನಡುಗಂಬಿಗೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು ಅವನು ಓಣಿ ಹೊಕ್ಕನೆಂದರೆ, ಮಗ್ಗದ ಸದ್ದಿನ ನಡುವೆಯೂ ಹೆಂಗಸರು ಬಾಗಿಲಿಗೆ ಬಂದು ಕೂಗುತ್ತಿದ್ದರು.

“ಏ ಹುಲೆಪ್ಪಣ್ಣಾ, ನಮ್ಮ ಪಾಳಿ ಯಾವತ್ತಪಾ?”

“ನಾಳೆ ಮುಂಜಾನೆ ಬಿಡ್ತೀನಿ ಯವ್ವಾ. ಕೊಡ ತೊಳದ್ ಇಟ್ಕೋರಿ.”

ಈ ಮಾತು ಕೇಳಿಸಿಕೊಳ್ಳುವುದು ಅವನಿಗೆ ಇಷ್ಟವಿತ್ತು. ದಿನಗೂಲಿಯವನಾಗಿ ಸೇರಿ, ಬಹಳ ವರ್ಷ ಕಾದು ಕಾಯಂ ಆದವನು. ಊರು ತನ್ನನ್ನು ಬಾಗಿಲಲ್ಲಿ ನಿಂತು ಕಾಯುತ್ತದೆ ಎಂಬುದೇ ಅವನಿಗೊಂದು ದೊಡ್ಡಸ್ತಿಕೆ. ಆದರೆ ಅವನ ಸ್ವಂತ ಮನೆ ಇದ್ದದ್ದು ಚಿಮ್ಮಡದ ದಾರಿಗೆ ಹತ್ತಿದ ದಿಬ್ಬದ ಮೇಲೆ. ಪೈಪು ಅಲ್ಲಿಗೆ ಮುಗಿಯುತ್ತಿತ್ತು. ಕೆಳಗಿನ ಓಣಿಗಳೆಲ್ಲ ತುಂಬಿಕೊಂಡ ಮೇಲೆ ಉಳಿದದ್ದು ಸಣ್ಣ ದಾರದ ಹಾಗೆ ಅವರ ನಲ್ಲಿಗೆ ಬರುತ್ತಿತ್ತು. ಹೆಂಡತಿ ತಾರವ್ವ ಪಕ್ಕದ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತ, ಒಂದು ಕಣ್ಣು ಆ ನಲ್ಲಿಯ ಮೇಲೆ ಇಟ್ಟುಕೊಂಡೇ ಬಾಳುವೆ ಮಾಡಿದ್ದಳು.

ಅವರಿಗೆ ಒಬ್ಬಳೇ ಮಗಳು, ಸಂಧ್ಯಾ. ಬಿ.ಎಡ್. ಮುಗಿಸಿ ಮುಧೋಳದ ಒಂದು ಖಾಸಗಿ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದವಳ ಕಾಲು ಊದತೊಡಗಿದಾಗ ಮನೆಯವರು ಅದನ್ನು ಬಸ್ಸಿನ ಮೇಲೆ ಹಾಕಿದರು. ಮುಖ ಊದಿತು. ಅನ್ನ ಕಂಡರೆ ವಾಂತಿ. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಕುಗ್ಗಿ ಹೋಗಿದ್ದವು. ತಾರವ್ವ ತನ್ನದನ್ನು ಕೊಡುತ್ತೇನೆಂದಳು. ಅವಳಿಗೆ ಸಕ್ಕರೆ ಕಾಯಿಲೆ. ಹುಲೆಪ್ಪನ ರಕ್ತದ ಗುಂಪು ಕೂಡಲಿಲ್ಲ. ಸತ್ತವರ ಕಿಡ್ನಿಗಾಗಿ ಹೆಸರು ಬರೆಸಿದರು. ಅದಕ್ಕೆ ಕಾಯುವವರು ಎಷ್ಟು ಮಂದಿ ಎಂದು ಕೇಳಿ ಮತ್ತೆ ಕೇಳಲಿಲ್ಲ.

ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಹೇಳಿಕೊಟ್ಟರು. ಹೊಟ್ಟೆಗೆ ಒಂದು ಮೆತ್ತನೆಯ ನಳಿಗೆ ಕೂಡಿಸಿದರು. ಅದರ ಮೂಲಕ ಚೀಲದ ಔಷಧದ ನೀರನ್ನು ಒಳಗೆ ಬಿಡುವುದು, ಕೆಲವು ತಾಸು ಇಟ್ಟುಕೊಳ್ಳುವುದು, ಹೊಟ್ಟೆಯ ಪೊರೆ ದಾಟಿ ಬಂದ ಮೈಯ ಕಲ್ಮಶ ಹೊತ್ತುಕೊಂಡ ಆ ನೀರನ್ನು ಹೊರಗಿನ ಚೀಲಕ್ಕೆ ಇಳಿಸುವುದು. ಮುಂಜಾನೆ, ಮಧ್ಯಾಹ್ನ, ಸಂಜೆ. ಪ್ರತಿ ಸಲವೂ ಮೊದಲು ಹರಿಯುವ ಶುದ್ಧ ನೀರಿನಲ್ಲಿ ಸಾಬೂನು ಹಚ್ಚಿ ಮೊಣಕೈ ತನಕ ಕೈ ತೊಳೆಯಬೇಕು. ನರ್ಸ್ ಅದನ್ನು ಹೇಳಿ ಹೇಳಿ ಸಾಕಾಗಿಸಿದ್ದಳು. ಕೈ ಹೊಲಸಾದರೆ ನಂಜು ನಳಿಗೆಯಲ್ಲಿ ಇಳಿದು ಸೀದಾ ಹೊಟ್ಟೆಗೆ ಹೋಗುತ್ತದೆ.

ಹುಲೆಪ್ಪ ನಡುಮನೆಯ ಒಂದು ಮೂಲೆಯನ್ನು ಗೋಡೆ ಎತ್ತಿ ಕೋಣೆ ಮಾಡಿದ. ಸುಣ್ಣ ಹಚ್ಚಿದ, ಹಾಸುಗಲ್ಲು ಹಾಕಿಸಿದ, ಎತ್ತರದಲ್ಲಿ, ತಳಕ್ಕೆ ನಲ್ಲಿ ಕೂಡಿಸಿದ ಒಂದು ಸ್ಟೀಲಿನ ಡ್ರಮ್ಮು ಇಟ್ಟ. ಸಂಧ್ಯಾ ಕಲಿತಳು. ಮುಖದ ಬಾವು ಇಳಿಯಿತು. ಸಂಜೆ ಓಣಿಯ ಹುಡುಗಿಯರಿಗೆ ಲೆಕ್ಕ ಹೇಳಿಕೊಡಲು ಕೂತಳು. ಒಂದು ವರ್ಷ ಹೀಗೆ ಹೋಯಿತು. ಅದು ಅವರ ಪಾಲಿನ ಒಳ್ಳೆಯ ವರ್ಷ.

ಮರುವರ್ಷ ಶಿವರಾತ್ರಿ ಕಳೆಯುವ ಮೊದಲೇ ಕೃಷ್ಣೆ ಇಳಿಯತೊಡಗಿದಳು. ಮೊದಲು ನಡುಗಡ್ಡೆ ಎದ್ದಿತು, ಆಮೇಲೆ ಬಂಡೆ, ಆಮೇಲೆ ಕೆಸರು. ದಿನ ಬಿಟ್ಟು ದಿನ ಬರುತ್ತಿದ್ದ ನೀರು ವಾರಕ್ಕೆ ಹೋಯಿತು, ವಾರ ದಾಟಿ ಹೋಯಿತು. ದಿಬ್ಬದ ಮೇಲೆ ಏರಲೇ ಇಲ್ಲ. ಟ್ಯಾಂಕರ್ ಬಂದರೆ ಅದರ ನೀರಿನಲ್ಲಿ ಕೊಡದ ತಳ ಕಾಣುತ್ತಿರಲಿಲ್ಲ. ತಾರವ್ವ ಆ ನೀರನ್ನು ಸೋಸಿ, ಕಾಸಿ, ಆರಿಸಿ ಡ್ರಮ್ಮಿಗೆ ಹಾಕುತ್ತಿದ್ದಳು. ಗಂಡ ಹೆಂಡತಿ ಮೈ ತೊಳೆಯುವುದನ್ನು ಬಿಟ್ಟು ಒದ್ದೆ ಅರಿವೆಯಿಂದ ಒರೆಸಿಕೊಂಡರು. ಒಂದು ದಿನ ಡ್ರಮ್ಮಿನಲ್ಲಿ ನೀರು ಕಡಿಮೆ ಇತ್ತು. ಸಂಧ್ಯಾ ಸಾಬೂನು ಪೂರ್ತಿ ಹೋಗುವ ಮೊದಲೇ ನಲ್ಲಿ ಮುಚ್ಚಿದಳು. ಎರಡು ದಿನ ಬಿಟ್ಟು ಚಳಿ ಜ್ವರ. ಹೊರಗೆ ಬಂದ ಚೀಲದ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು.

ಬೆಳಗಾವಿಯಲ್ಲಿ ಆ ನಂಜು ಇಳಿಯಿತು. ಹೊರಡುವಾಗ ಡಾಕ್ಟರು ಹುಲೆಪ್ಪನನ್ನು ಹೊರಗೆ ಕರೆದರು.

“ಈ ಸಲಾ ಪಾರಾದ್ಲು. ಇನ್ನೊಮ್ಮೆ ಜೋರಾಗಿ ನಂಜಾದ್ರ ನಳಿಗಿ ತಗೀಬೇಕಾಗ್ತದ. ಆಮ್ಯಾಲೆ ರಕ್ತದ ಡಯಾಲಿಸಿಸ್ ಒಂದ ದಾರಿ. ಆಕಿ ಹಾರ್ಟ್ ಈಗ ವೀಕ್ ಅದ, ಅದನ್ನ ತಡಕೊಳ್ಳೋದು ಕಷ್ಟ. ನೀರಿನ ಬಗ್ಗೆ ಹುಷಾರ್ ಇರ್ರಿ.”

ನೀರಿನ ಬಗ್ಗೆ ಹುಷಾರಾಗಿರು ಎಂದು ನೀರು ಬಿಡುವವನಿಗೇ ಹೇಳಿದ್ದರು. ಹುಲೆಪ್ಪ ತಲೆ ಅಲ್ಲಾಡಿಸಿ ಬಂದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅವನು ಮನೆಗೆ ಊಟಕ್ಕೆ ಬಂದಾಗ ತಾರವ್ವ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು. ತಳದಲ್ಲಿ ಅಂಗೈ ಮುಳುಗುವಷ್ಟು ನೀರಿತ್ತು.

“ಸಂಜಿ ಚೀಲಕ್ಕ ಇಷ್ಟ ಆಗ್ತೈತಿ. ಮುಂಜಾನಿಗಿ ಏನ್ ಮಾಡ್ಲಿ ಹೇಳ್ರಿ?”

ಹುಲೆಪ್ಪ ಊಟ ಮಾಡಲಿಲ್ಲ. ಆ ಹೊತ್ತು ನೇಕಾರ ಓಣಿಗೆ ನೀರು ಬಿಟ್ಟಿದ್ದ. ತಿರುಗಿ ಹೋದವನು ಆ ಓಣಿಯ ವಾಲ್ವ್ ಬಂದ್ ಮಾಡಿ ದಿಬ್ಬದ ಕಡೆಯದನ್ನು ತೆರೆದ. ಅಷ್ಟು ವರ್ಷ ಯಾರು ಬೇಡಿಕೊಂಡರೂ, ಯಾರು ಬೈದರೂ ಪಾಳಿ ತಪ್ಪಿಸಿದವನಲ್ಲ. ಕೆಳಗೆ ನಲ್ಲಿಗಳು ಒಣಗಿದ್ದೇ ಹೆಂಗಸರು ಖಾಲಿ ಕೊಡ ಹಿಡಿದುಕೊಂಡೇ ಏರಿ ಬಂದರು. ಅವನು ವಾಲ್ವಿನ ಗುಂಡಿಯ ಪಕ್ಕದಲ್ಲೇ ಕೂತಿದ್ದ. ಓಡಿಹೋಗಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮುಂದೆ ಇದ್ದವಳು ಅನಸವ್ವ, ವಯಸ್ಸಾದ ನೇಕಾರ ಹೆಂಗಸು. ಅವಳು ಬೈಯುತ್ತಾಳೆಂದು ಅವನು ಕಾದ.

“ನಿನ್ನ ಮಗಳಿಗಿ ಆರಾಮ ಇಲ್ಲ, ನನಗೂ ಗೊತ್ತೈತಿ ಹುಲೆಪ್ಪಾ,” ಎಂದಳು. “ನಮ್ಮ ಮನ್ಯಾಗ ಸೊಸಿ ಹಡದಾಳ. ಹಸಿ ಬಾಣಂತಿ. ಮುಂಜಾನಿಂದ ಕೂಸಿನ ಅರಿವಿ ಹಂಗ ಬಿದ್ದಾವ. ನಾ ಎಲ್ಲಿಗಿ ಹೋಗ್ಲಿ?”

ಹುಲೆಪ್ಪ ಎದ್ದು ದಿಬ್ಬದ ವಾಲ್ವ್ ಮುಚ್ಚಿ ನೇಕಾರ ಓಣಿಯದನ್ನು ತೆರೆದ. ಅಷ್ಟರಲ್ಲಿ ತಾರವ್ವ ಎರಡು ಕೊಡ ತುಂಬಿಕೊಂಡಿದ್ದಳು. ಆದರೆ ಸುದ್ದಿ ಕಚೇರಿ ಮುಟ್ಟಿತ್ತು. ನೀರಿನ ವಿಭಾಗ ನೋಡಿಕೊಳ್ಳುತ್ತಿದ್ದ ಶಿವಯೋಗೆಪ್ಪ ಅವನ ಮುಖ ನೋಡದೆ ಮಾತಾಡಿದ.

“ನಿನ್ನ ಕೆಲಸಾ ಕಳಿಯೂದಿಲ್ಲ. ಆದ್ರ ಚಾವಿ ಕೊಟ್ಟ್ ಬಿಡು. ನಾಳಿಂದ ರಬಕವಿ ಹೊಳಿದಂಡಿ ಪಂಪ್‌ಹೌಸಿಗಿ ಹೋಗು, ಅಲ್ಲಿ ಕಾಯಾಕ ಮಂದಿ ಬೇಕಾಗ್ಯಾರ.”

ಹೊಳೆಯಲ್ಲಿ ನೀರೇ ಇಲ್ಲದ ಪಂಪ್‌ಹೌಸು. ದಿನವೆಲ್ಲ ಅವನು ಪಂಪಿನ ಬಾವಿಯ ಕಟ್ಟೆಯ ಮೇಲೆ ಕೂತು, ಕೆಸರು ಒಡೆದು ಹೆಕ್ಕಳಿಕೆ ಏಳುವುದನ್ನು ನೋಡುತ್ತಿದ್ದ. ಮುಂಜಾನೆ ಬರುವಾಗ ಎರಡು ಕ್ಯಾನು ತಂದು, ದಂಡೆಯ ಹಳ್ಳಿಗಳ ಬೋರಿನ ಹತ್ತಿರ ನಿಂತು ಬೇಡಿ ತುಂಬಿಸಿಕೊಂಡು, ಸೈಕಲ್ಲಿನ ಎರಡೂ ಕಡೆ ಕಟ್ಟಿಕೊಂಡು ಸಂಜೆ ಮನೆಗೆ ಒಯ್ಯುತ್ತಿದ್ದ. ಕೆಲವು ಸಲ ಬೋರಿನವರು ಕೊಡುತ್ತಿದ್ದರು. ಕೆಲವು ಸಲ ಕರೆಂಟ್ ಇಲ್ಲವೆನ್ನುತ್ತಿದ್ದರು.

ಕೇತಕಿ ಎಂಬುವಳನ್ನು ಅವನು ಕಂಡದ್ದು ಆ ಹೊಳೆದಂಡೆಯಲ್ಲೇ. ಜಮಖಂಡಿಯ ಹಳೆಯ ಪುರೋಹಿತರ ಮನೆತನದ ಹೆಣ್ಣುಮಗಳು. ಮನೆಯಲ್ಲಿ ಮರಾಠಿ, ಹೊರಗೆ ನಮ್ಮ ಕಡೆಯ ಕನ್ನಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದಳು. ಹೊಳೆಯಲ್ಲಿ ಉಳಿದ ಗುಂಡಿ ನೀರನ್ನು ಬಾಟಲಿಯಲ್ಲಿ ತುಂಬಿಕೊಳ್ಳಲು ಬಂದವಳಿಗೆ ಹುಲೆಪ್ಪ ಇಳಿಯುವ ದಾರಿ ತೋರಿಸಿದ. ಅವಳು ಈ ಕೆಲಸ ಯಾಕೆ ಮಾಡುತ್ತಿದ್ದಾಳೆಂದು ಕೇಳಿದ. ಬಳಸಿ ಚೆಲ್ಲಿದ ನೀರನ್ನು ತಿರುಗಿ ಬಳಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೇನೆ, ಕಾಲೇಜಿನ ಹಾಸ್ಟೆಲಿನಲ್ಲಿ ಒಂದನ್ನು ನಡೆಸಿ ನೋಡಿದ್ದೇವೆ ಎಂದಳು. ಹುಲೆಪ್ಪ ಅವಳ ಕೈಯ ಬಾಟಲಿ ನೋಡಿದ, ಹೊಳೆ ನೋಡಿದ.

“ಬಾಯಾರ, ಒಂದ್ ಮನಿಗಿ ಆಗ್ತೈತೇನ್ರಿ ಅದು? ಸಣ್ಣ ಮನಿಗಿ?”

ಅವನು ಮಗಳ ಕಥೆ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಕೇತಕಿ ಬಾಟಲಿ ಕೆಳಗಿಟ್ಟು, ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು.

“ಅಳಬ್ಯಾಡ್ರಿ. ಆದ್ರ ಒಂದ್ ಮಾತು ನೀವು ನನಗ ಕೊಡಬೇಕು. ಆ ನೀರ ಮುಟ್ಟಿ ನಿಮ್ಮ ಮಗಳು ಚೀಲ ಬದಲಿ ಮಾಡಬಾರದು. ಕುಡಿಯಾಕೂ ಅಲ್ಲ. ಸಂಡಾಸಕ್ಕ, ನೆಲಾ ಒರಸಾಕ, ಅರಿವಿ ಒಗಿಯಾಕ. ಅಷ್ಟಕ್ಕ ಇದನ್ನ ಬಳಸಿದ್ರ ಛಲೋ ನೀರೆಲ್ಲಾ ಆಕಿ ಕೈಗೆ ಉಳೀತದ. ತಿಳೀತಲ್ಲ?”

“ತಿಳೀತ್ರಿ.”

ಆ ವಾರವೇ ಯಂತ್ರ ಬಂತು. ಯಂತ್ರವೆಂದರೆ ಮೂರು ಪ್ಲಾಸ್ಟಿಕ್ ಡ್ರಮ್ಮು, ಒಂದು ಸಣ್ಣ ಪಂಪು, ಮೊಳಕ್ಕಿಂತ ಸ್ವಲ್ಪ ಉದ್ದದ ಒಂದು ಬಿಳಿ ಕೊಳವೆ. ಬಚ್ಚಲ ನೀರು ಮೊದಲ ಡ್ರಮ್ಮಿನಲ್ಲಿ ನಿಂತು ಕೂದಲು, ಮಣ್ಣು ಬಿಡುತ್ತಿತ್ತು. ಎರಡನೆಯದರಲ್ಲಿ ಮೀನಿನ ತೊಟ್ಟಿಗೆ ಹಾಕುವ ಹಾಗೆ ಗಾಳಿ ಗುಳುಗುಳು ಎನ್ನುತ್ತ ಸಾಬೂನಿನ ಹೊಲಸನ್ನು ಸಣ್ಣ ಜೀವಗಳಿಂದ ತಿನ್ನಿಸುತ್ತಿತ್ತು. ಆಮೇಲೆ ಪಂಪು ಆ ನೀರನ್ನು ಬಿಳಿ ಕೊಳವೆಗೆ ನೂಕುತ್ತಿತ್ತು. ಕೊಳವೆಯ ಒಳಗೆ ಶಾವಿಗೆಯಂಥ ಎಳೆಗಳ ಕಟ್ಟು. ಸೋಸಿದ ನೀರು ಮೂರನೆಯ ಡ್ರಮ್ಮಿಗೆ ಇಳಿಯುತ್ತಿತ್ತು.

“ಒಂದೊಂದ್ ಎಳಿನೂ ಟೊಳ್ಳು,” ಎಂದು ಕೇತಕಿ ಒಂದು ಹಳೆಯ ಎಳೆಯನ್ನು ಕತ್ತರಿಸಿ ತಾರವ್ವನ ಅಂಗೈಗೆ ಇಟ್ಟಳು. “ಇದರ ಗ್ವಾಡಿ ಅಂದ್ರ ಪೊರಿ. ಮೆಂಬ್ರೇನ್ ಅಂತೀವಿ. ಅದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇರ್ತಾವ. ನೀರ ದಾಟ್ತದ, ರೋಗದ ಕ್ರಿಮಿ ದಾಟೂದಿಲ್ಲ.”

ತಾರವ್ವ ಎಳೆಯನ್ನು ಬೆರಳಿನ ನಡುವೆ ಹೊಸೆದು ನೋಡಿದಳು. ದಿನವೆಲ್ಲ ನೂಲು ಹಿಡಿದ ಬೆರಳು ಅವು. “ಮೈ ತೊಳದ ನೀರ ತಿರಿಗಿ ಮನ್ಯಾಗ ತರೂದಂದ್ರ ನನಗ್ಯಾಕೋ ಒಲ್ಲ ಅನಸ್ತೈತ್ರಿ ಬಾಯಾರ,” ಎಂದಳು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಂಧ್ಯಾ ನಕ್ಕಳು. “ಯವ್ವಾ, ನನ್ನ ಹೊಟ್ಟ್ಯಾಗೂ ಇಂಥಾದ್ದ ಒಂದ್ ಪೊರಿ ಕೆಲಸ ಮಾಡಾಕತ್ತೈತಿ. ಅದನ್ನ ಒಲ್ಲ ಅಂದೀಯೇನ್?”

ಮೊದಲ ದಿನ ಹೊರಬಂದ ನೀರನ್ನು ಕೇತಕಿ ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದಳು. ತಿಳಿಯಾಗಿತ್ತು. ವಾಸನೆ ಇರಲಿಲ್ಲ. ತಾರವ್ವ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಅಂದಿನಿಂದ ಆ ಮನೆಯಲ್ಲಿ ಎರಡು ನೀರಾದವು. ಸ್ಟೀಲಿನ ಕೊಡದ್ದು ಸಂಧ್ಯಾಳ ಕೈಗೆ ಮತ್ತು ಕುಡಿಯಲು. ನೀಲಿ ಬಕೆಟ್ಟಿನದು ಉಳಿದದ್ದಕ್ಕೆ. ಅಡುಗೆಮನೆಯ ಜಿಡ್ಡಿನ ನೀರು ಯಂತ್ರಕ್ಕೆ ಹೋಗಬಾರದೆಂದು ಕೇತಕಿ ಹೇಳಿದ್ದಳು, ಅದು ಹಿತ್ತಲಿಗೆ ಹೋಯಿತು. ಯಂತ್ರದ ಮೇಲ್ವಿಚಾರಣೆ ಸಂಧ್ಯಾಳೇ ತೆಗೆದುಕೊಂಡಳು. ದಿನಕ್ಕೊಮ್ಮೆ ನೀರನ್ನು ಹಿಂದುಮುಂದಾಗಿ ಹರಿಸಿ ಎಳೆಗಳ ಮೇಲೆ ಕೂತದ್ದನ್ನು ತೊಳೆಯುವುದು ಅವಳ ಕೆಲಸ. ಗಂಡ ಹೆಂಡತಿ ಬಹಳ ದಿನದ ಮೇಲೆ ನಾಲ್ಕು ಚೊಂಬು ನೀರು ಮೈಮೇಲೆ ಹಾಕಿಕೊಂಡರು. ಮೈ ತೊಳೆದರೆ ನೀರು ಹೋಗಿಬಿಡುವುದಿಲ್ಲ, ತಿರುಗಿ ಬರುತ್ತದೆ ಎಂಬುದನ್ನು ನಂಬಲು ತಾರವ್ವನಿಗೆ ಕೆಲವು ದಿನ ಬೇಕಾದವು. ನಂಬಿದ ಮೇಲೆ ಅವಳು ಯಂತ್ರಕ್ಕೆ ಅಂಟಿಕೊಂಡಳು. ಮುಖ ತೊಳೆದ ನೀರು, ಕೈಗೆ ಹಾಕಿಕೊಂಡ ನೀರು, ಯಾವುದನ್ನೂ ನೆಲಕ್ಕೆ ಬೀಳಗೊಡುತ್ತಿರಲಿಲ್ಲ.

ಅಲ್ಲಿಯೇ ಕೆಟ್ಟಿತು.

ಸಂಧ್ಯಾಳ ಹೊಟ್ಟೆಯಿಂದ ಇಳಿದ ಚೀಲದ ನೀರನ್ನು ಹಿತ್ತಲಿನ ಸಂಡಾಸಿಗೆ ಸುರಿಯುವುದು ರೂಢಿ. ದಿನಕ್ಕೆ ಮೂರು ದೊಡ್ಡ ಚೀಲ. ನೋಡಲಿಕ್ಕೆ ತೆಳು ಚಹಾದ ಬಣ್ಣ, ತಿಳಿ ನೀರು, ವಾಸನೆಯಿಲ್ಲ. ಇಷ್ಟು ನೀರನ್ನು ಯಾಕೆ ಚೆಲ್ಲಬೇಕು ಎನ್ನಿಸಿತು ತಾರವ್ವನಿಗೆ. ಹೇಗೂ ಔಷಧದ ಅಂಗಡಿಯಿಂದ ಬಂದ ನೀರು, ಹೇಗೂ ಯಂತ್ರ ಸೋಸುತ್ತದೆ. ಅವಳು ಅದನ್ನು ಬಚ್ಚಲಿಗೆ ಸುರಿಯತೊಡಗಿದಳು. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ಮಾತೆಂದು ಅವಳಿಗೆ ಅನ್ನಿಸಲೇ ಇಲ್ಲ.

ಆ ನೀರಿನಲ್ಲಿ ಔಷಧದ ಸಕ್ಕರೆ ಇರುತ್ತದೆ, ಮೈಯಿಂದ ಸೋರಿದ ಪ್ರೋಟೀನ್ ಇರುತ್ತದೆ. ಡ್ರಮ್ಮಿನ ಸಣ್ಣ ಜೀವಗಳಿಗೆ ಅದು ಹಬ್ಬದೂಟ. ಕೆಲವೇ ದಿನಗಳಲ್ಲಿ ಎಳೆಗಳ ಮೇಲೆ ಲೋಳೆ ಕಟ್ಟಿತು. ಪಂಪು ಏದುಸಿರು ಬಿಡತೊಡಗಿತು. ನೀಲಿ ಬಕೆಟ್ಟು ತುಂಬಲು ಅರ್ಧ ದಿನ ಹಿಡಿಯಿತು. ಕೇತಕಿ ಬಂದು ಕೊಳವೆ ಬಿಚ್ಚಿ ಬೆರಗಾದಳು.

“ಇಷ್ಟ್ ಬೇಗ ಕಟಗೋಬಾರದಿತ್ತು. ಬಚ್ಚಲಕ್ಕ ಬ್ಯಾರೆ ಏನರೆ ಹಾಕಾಕತ್ತೀರೇನು? ಹಾಲು, ಗಂಜಿ, ಹಿಟ್ಟು ತೊಳದ ನೀರು?”

“ಇಲ್ರಿ ಬಾಯಾರ, ದೇವರಾಣಿ ಇಲ್ಲ,” ಎಂದಳು ತಾರವ್ವ. ಅವಳ ಮಟ್ಟಿಗೆ ಅದು ಸುಳ್ಳಲ್ಲ; ಚೀಲದ ನೀರು ಅವಳ ನೆನಪಿಗೇ ಬರಲಿಲ್ಲ.

ಕೇತಕಿ ಬ್ಲೀಚಿಂಗ್ ನೀರಿನಲ್ಲಿ ಎಳೆ ನೆನೆಹಾಕಿ ತೊಳೆದು ಕೊಟ್ಟಳು. ನಾಲ್ಕು ದಿನ ಹರಿಯಿತು, ಮತ್ತೆ ಕಟ್ಟಿತು. ಅವಳಿಗೆ ಪರೀಕ್ಷೆಯ ಕೆಲಸ ಬಂದು ವಾರ ಬರಲಾಗಲಿಲ್ಲ. ಆ ವಾರ ಟ್ಯಾಂಕರ್ ಕೂಡ ಬರಲಿಲ್ಲ. ಸ್ಟೀಲಿನ ಕೊಡದ ನೀರು ತಿರುಗಿ ಸಂಡಾಸಿಗೆ ಹೋಗತೊಡಗಿತು.

ಹುಲೆಪ್ಪ ಪಂಪ್‌ಹೌಸಿನಿಂದ ಬಂದವನು ಆ ಏದುಸಿರಿನ ಪಂಪಿನ ಮುಂದೆ ಕೂತ. ಜೀವನವೆಲ್ಲ ಅವನು ಕಂಡದ್ದು ಒಂದೇ: ನೀರು ಏರದಿದ್ದರೆ ಜೋರು ಕಡಿಮೆ. ಓಣಿಯ ಮಗ್ಗದವರ ಹತ್ತಿರ ಬಿದ್ದಿದ್ದ ಒಂದು ದೊಡ್ಡ ಪಂಪು ಕೇಳಿ ತಂದು ಜೋಡಿಸಿದ.

“ಬಾಯಾರನ್ನ ಕೇಳಿ ಹಚ್ಚೂಣಲ್ಲ ಅಪ್ಪಾ?” ಎಂದಳು ಸಂಧ್ಯಾ.

“ಅವರ ಬರೂತನಾ ನೀ ಕೈ ಯಾವದರಾಗ ತೊಳೀತಿ?”

ಹುಲೆಪ್ಪ ಗುಂಡಿ ಒತ್ತಿದ. ಕೊಳವೆ ಒಮ್ಮೆ ಅದುರಿತು. ಆಮೇಲೆ ನೀರು ಧೋ ಎಂದು ಬಂತು. ತಾರವ್ವ ಬಕೆಟ್ಟು ಮೇಲೆ ಬಕೆಟ್ಟು ಹಿಡಿದಳು. ಸಂಜೆ ಬೆಳಕಿನಲ್ಲಿ ಯಾರೂ ಲೋಟದಲ್ಲಿ ಹಿಡಿದು ನೋಡಲಿಲ್ಲ. ಎಷ್ಟೋ ದಿನದ ಮೇಲೆ ಮನೆಯ ನೆಲವನ್ನೆಲ್ಲ ತೊಳೆದಳು. ಸಂಧ್ಯಾಳ ಕೋಣೆಯ ಹಾಸುಗಲ್ಲನ್ನೂ ಉಜ್ಜಿ ಉಜ್ಜಿ ತೊಳೆದಳು. ಅವಳ ಹಾಸಿಗೆಯ ಅರಿವೆ, ಮೈಯೊರೆಸುವ ಟವೆಲ್ಲು, ಎಲ್ಲ ಒಗೆದು ಹರವಿದಳು.

ಎಳೆಗಳು ಹರಿದಿದ್ದವು. ಸೋಸದ ನೀರು ಹಾಗೇ ದಾಟಿ ಬರುತ್ತಿತ್ತು.

ಮುಂದಿನ ವಾರ ಸಂಧ್ಯಾ ಓಣಿಯ ಹುಡುಗಿಯರಿಗೆ ಲೆಕ್ಕ ಹೇಳುತ್ತ ಕೂತಿದ್ದವಳು ನಡುವೆಯೇ ಎದ್ದು ಒಳಗೆ ಹೋಗಿ ಮಲಗಿದಳು. ಹೊಟ್ಟೆ ಮುಟ್ಟಗೊಡಲಿಲ್ಲ. ತಾರವ್ವ ಚೀಲ ಇಳಿಸಿದಳು. ಅದರ ನೀರು ಮತ್ತೆ ಅಕ್ಕಿ ತೊಳೆದ ನೀರಿನ ಹಾಗಿತ್ತು. ಹುಲೆಪ್ಪ ಬೆಳಗಾವಿಗೆ ಗಾಡಿ ಕೇಳಲು ಓಡಿದ.

ಬೆಳಗಾವಿಯಲ್ಲಿ ಈ ಸಲ ಔಷಧ ಹತ್ತಲಿಲ್ಲ. ಜ್ವರದಲ್ಲಿ ಅವಳು ಮುಧೋಳದ ಸಾಲೆಯ ಮಕ್ಕಳ ಹಾಜರಿ ಕರೆಯುತ್ತಿದ್ದಳು. ನಳಿಗೆ ತೆಗೆದರು. ಹೊಟ್ಟೆಯ ಪೊರೆ ಇನ್ನು ಕೆಲಸಕ್ಕೆ ಬರುವುದಿಲ್ಲ, ಗಾಯ ಕಟ್ಟಿದೆ ಎಂದರು. ಕುತ್ತಿಗೆಯ ಹತ್ತಿರ ಬೇರೆ ನಳಿಗೆ ಹಾಕಿ ರಕ್ತದ ಡಯಾಲಿಸಿಸ್ ಶುರು ಮಾಡಿದರು. ಮೊದಲ ದಿನ ಯಂತ್ರದ ಮೇಲೆಯೇ ಅವಳ ರಕ್ತದೊತ್ತಡ ಬಿದ್ದುಹೋಗಿ, ಹೊರಗೆ ನಿಂತವರನ್ನು ಒಳಗೆ ಕರೆದು ಮುಖ ನೋಡಿಕೊಳ್ಳಿ ಎಂದರು. ಅವಳು ಉಳಿದಳು.

ಕೇತಕಿ ಆಸ್ಪತ್ರೆಗೆ ಬಂದಳು. ಬರುವ ಮೊದಲು ಬನಹಟ್ಟಿಗೆ ಹೋಗಿ ಕೊಳವೆ ಬಿಚ್ಚಿ ನೋಡಿದ್ದಳು. ವರಾಂಡದಲ್ಲಿ ಡಾಕ್ಟರ ಎದುರಿಗೇ ಹೇಳಿದಳು, ಎಳೆ ಹರಿದಿದ್ದವು ಎಂದು. ಏನು ಕಟ್ಟಿಕೊಂಡಿತ್ತೋ ತಿಳಿಯಲಿಲ್ಲ ಎಂದಳು. ಡಾಕ್ಟರು ಚೀಲದ ನೀರನ್ನು ಎಲ್ಲಿ ಹಾಕುತ್ತಿದ್ದಿರಿ ಎಂದು ಕೇಳಿದರು.

“ಬಚ್ಚಲಕ್ಕ ಹಾಕ್ತಿದ್ನಿರಿ,” ಎಂದಳು ತಾರವ್ವ. “ನೀರ ಉಳೀಲಿ ಅಂತ.”

ಅವಳು ಒಬ್ಬೊಬ್ಬರ ಮುಖ ನೋಡಿದಳು, ಆಮೇಲೆ ತಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ನೆಲಕ್ಕೆ ಕೂತಳು.

“ತಪ್ಪು ನನ್ನದು,” ಎಂದಳು ಕೇತಕಿ. “ಚೀಲದ ಬಗ್ಗೆ ನಾನ ಕೇಳಬೇಕಿತ್ತು.”

“ಪಂಪ್ ಹಚ್ಚಿದಾಂವ ನಾನ್ರಿ,” ಎಂದ ಹುಲೆಪ್ಪ.

ಡಾಕ್ಟರು ಇಬ್ಬರನ್ನೂ ತಡೆದರು. ನಂಜು ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಆ ನೆಲದಿಂದ ಬಂದಿರಬಹುದು, ಟ್ಯಾಂಕರ್ ನೀರಿನಿಂದ ಬಂದಿರಬಹುದು, ಅವಳ ಚರ್ಮದ ಮೇಲೆಯೇ ಇದ್ದಿರಬಹುದು ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಅದು ಖರೆಯೇ ಇತ್ತು. ಆದರೆ ಹುಲೆಪ್ಪನಿಗೆ ಅದು ಇನ್ನೂ ಕಷ್ಟವಾಯಿತು. ಗೊತ್ತಾಗಿದ್ದರೆ ತನ್ನನ್ನು ತಾನು ಬೈದುಕೊಂಡು ಮುಗಿಸಬಹುದಿತ್ತು.

ಮರುದಿನ ಅರಿವೆ ತರಲೆಂದು ಅವನು ಒಬ್ಬನೇ ಬನಹಟ್ಟಿಗೆ ಬಂದ. ಮಧ್ಯಾಹ್ನದ ಬಿಸಿಲು. ಹಿತ್ತಲಲ್ಲಿ ಡ್ರಮ್ಮುಗಳು ನಿಂತಿದ್ದವು. ಮೂಲೆಯ ಹಾರೆ ತೆಗೆದುಕೊಂಡು ಮೊದಲ ಡ್ರಮ್ಮಿಗೆ ಹೊಡೆದ. ಅದು ಸೀಳಿ, ಬೂದು ಬಣ್ಣದ ನೀರು ಹಿತ್ತಲ ತುಂಬ ಹರಿಯಿತು. ಎರಡನೆಯದಕ್ಕೆ ಹಾರೆ ಎತ್ತಿದಾಗ ಪಕ್ಕದ ಮನೆಯ ಹೆಂಗಸು ಗೋಡೆ ದಾಟಿ ಬಂದು, ಕೂತು, ಆ ಹರಿಯುವ ನೀರನ್ನು ತಗಡಿನ ಸೆಗಣಿ ಬುಟ್ಟಿಯಲ್ಲಿ, ಚೊಂಬಿನಲ್ಲಿ, ಸಿಕ್ಕಿದ್ದರಲ್ಲಿ ತುಂಬಿಕೊಳ್ಳತೊಡಗಿದಳು. ಅವನ ಕಡೆ ತಲೆ ಎತ್ತಲಿಲ್ಲ.

“ಇನ್ನೊಂದ್ ಒಡೀಬ್ಯಾಡ ಯಣ್ಣಾ, ತಡಿ,” ಎಂದಳು. “ಕೊಡಾ ತರ್ತೀನಿ. ಸಂಡಾಸಕ್ಕರ ಆಗ್ತೈತಿ.”

ಹುಲೆಪ್ಪ ಹಾರೆ ಇಳಿಸಿದ. ಅವಳು ಕೊಡ ತಂದಳು. ಉಳಿದ ಡ್ರಮ್ಮುಗಳನ್ನು ಬಾಗಿಸಿ ಅವನೇ ಅವಳಿಗೆ ತುಂಬಿಸಿಕೊಟ್ಟ.

ಜೂನ್ ಕೊನೆಗೆ ಘಟ್ಟದಲ್ಲಿ ಮಳೆ ಹಿಡಿಯಿತು. ಹೊಳೆ ಒಂದು ಮುಂಜಾನೆ ಕೆಂಪಗೆ, ಕಸ ಹೊತ್ತುಕೊಂಡು ಬಂತು. ಪಂಪುಗಳು ಕೂಗಿದವು. ಊರಿಗೆ ನೀರು ಬಂತು, ದಿಬ್ಬಕ್ಕೂ ಬಂತು. ಹುಲೆಪ್ಪನಿಗೆ ಚಾವಿ ತಿರುಗಿ ಕೊಡಲಿಲ್ಲ, ಅವನೂ ಕೇಳಲಿಲ್ಲ. ಕೇತಕಿ ಹೊಸ ಡ್ರಮ್ಮು, ಹೊಸ ಎಳೆಗಳನ್ನು ತಂದಾಗ ಅವನು ಬೇಡವೆಂದ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಸಂಧ್ಯಾ ಒಳಗಿನಿಂದ, ಹೊಳಿ ಮುಂದಿನ ವರ್ಷಾನೂ ಬತ್ತತೈತಿ, ಇರ್ಲಿ ಬಿಡಪಾ ಎಂದಳು. ಈಗ ಅದು ಹಿತ್ತಲಿನಲ್ಲಿ ನಡೆಯುತ್ತಿದೆ. ಅದರಿಂದ ಬರುವ ನೀರನ್ನು ತಾರವ್ವ ದಿನಾ ಬಿಸಿಲಿಗೆ ಹಿಡಿದು ನೋಡುತ್ತಾಳೆ, ಆದರೆ ಮಗಳ ಕೋಣೆಯ ಹೊಸ್ತಿಲು ದಾಟಿಸುವುದಿಲ್ಲ. ಆಸ್ಪತ್ರೆಯ ಆ ದಿನದ ನಂತರ ಅವಳ ಮಾತು ಬಹಳ ಕಡಿಮೆಯಾಗಿದೆ.

ರಕ್ತದ ಡಯಾಲಿಸಿಸ್‌ಗೆ ಸಂಧ್ಯಾಳನ್ನು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಜಮಖಂಡಿಗೆ ಒಯ್ಯುತ್ತಾರೆ. ಅದರ ಸೂಜಿ ಚುಚ್ಚಲು ಬೇಕೆಂದು ಕೈಯ ನರ ಜೋಡಿಸಲು ಎರಡು ಸಲ ಕೊಯ್ದರು, ಎರಡೂ ಕೂಡಲಿಲ್ಲ. ಬಂದ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಮರುದಿನ ಸ್ವಲ್ಪ ಎದ್ದು ಕೂರುತ್ತಾಳೆ. ಮೂತ್ರ ಪೂರ್ತಿ ನಿಂತುಹೋಗಿದೆ. ಕುಡಿದದ್ದೆಲ್ಲ ಮೈಯಲ್ಲೇ ನಿಂತು ಎದೆಗೆ ಏರುತ್ತದೆ ಎಂದು ಡಾಕ್ಟರು ನೀರನ್ನು ಅಳೆದು ಕೊಟ್ಟಿದ್ದಾರೆ. ಔಷಧ, ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಎರಡು ಸಣ್ಣ ಲೋಟ. ಅವಳಿಗೆ ನೀರಡಿಕೆ ತಡೆಯುವುದಿಲ್ಲ. ಹೊರಗೆ ನಲ್ಲಿ ತುಂಬಿ ಹರಿಯುವ ಸದ್ದು ಕೇಳಿದರೆ ಕಿಟಕಿ ಮುಚ್ಚು ಎನ್ನುತ್ತಾಳೆ.

ಒಂದು ಸಂಜೆ ಜಮಖಂಡಿಯಿಂದ ಬರುವ ಬಸ್ಸಿನಲ್ಲಿ ಅವಳು ಅಪ್ಪನ ಭುಜಕ್ಕೆ ತಲೆಯಿಟ್ಟು ಕೇಳಿದಳು.

“ಅಪ್ಪಾ, ಒಂದ್ ಗುಟುಕ ಕೊಡ್ತಿಯೇನು? ಬರೇ ಬಾಯಿ ತೋಯಿಸಿಕೋತೀನಿ.”

ಬೆಳಗಿನ ಲೋಟ ಮುಗಿದಿತ್ತು, ಸಂಜೆಯದು ಮಾತ್ರೆಗೆ ಬೇಕಿತ್ತು. ಹುಲೆಪ್ಪ ಕೈಚೀಲದಲ್ಲಿದ್ದ ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ಅವಳ ತುಟಿಗೆ ಹಿಡಿದ. ಅವಳು ನುಂಗಲಿಲ್ಲ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು, ಕರವಸ್ತ್ರಕ್ಕೆ ಉಗುಳಿ, ಕಣ್ಣು ಮುಚ್ಚಿದಳು.

ಈಗ ಹುಲೆಪ್ಪ ಮನೆಯಲ್ಲಿ ಯಾರ ಕಣ್ಣೆದುರಿಗೂ ನೀರು ಕುಡಿಯುವುದಿಲ್ಲ. ಪಂಪ್‌ಹೌಸಿನಿಂದ ಹೊರಡುವ ಮೊದಲು ಅಲ್ಲಿಯ ನಲ್ಲಿಗೆ ಬಾಗಿ, ಸಾಕಾಗುವಷ್ಟು ಕುಡಿದು, ಬಾಯಿ ಮೀಸೆ ಒರೆಸಿಕೊಂಡು, ಸೈಕಲ್ ಹತ್ತುತ್ತಾನೆ.